ಕಿವಿಯೊಳಗಿನ ಗುಂಯ್ ಮತ್ತು ಐಗಳಿಯ ಭಂಗಿ ಸೊಪ್ಪು

ವಯಸ್ಸಾದ ಮೇಲೆ ಮೈ ಎಂಬುದು ಕೂಡಿ ಬಾಳಿದ ಮನೆ ಒಡೆದಂತೆ ಒಡೆಯುತ್ತದೆ. ಮೊದಲು ಮೊಣಕಾಲು ತನ್ನ ಪಾಲು ಕೇಳುತ್ತದೆ. ಅದಕ್ಕೆ ಎಣ್ಣೆ ತಿಕ್ಕಿ, ಗುಳಿಗೆ ನುಂಗಿ, ಬಿಸಿ ಶಾಖ ಕೊಟ್ಟು ಸಮಾಧಾನ ಮಾಡುವಷ್ಟರಲ್ಲಿ ಹಲ್ಲುಗಳು ಹೇಳದೆ ಕೇಳದೆ ಒಂದೊಂದಾಗಿ ಮನೆ ಬಿಡುತ್ತವೆ. ಕಣ್ಣು ದುಡಿಯದ ಅಳಿಯನ ಹಾಗೆ ಸುಮ್ಮನೆ ಮುಖದ ಮೇಲೆ ಕುಳಿತಿರುತ್ತದೆ. ಇದೆಲ್ಲ ಆದಾಗ ನಾನು ಅಂಜಲಿಲ್ಲ. ಹಲ್ಲು ಹೋದರೆ ರೊಟ್ಟಿಯನ್ನು ಸಾರಿನಲ್ಲಿ ಮುಳುಗಿಸಿದರಾಯಿತು. ಕಣ್ಣು ಮಂಜಾದರೆ ನೋಡಬಾರದ್ದನ್ನು ನೋಡುವುದು ತಪ್ಪಿತು. ಆದರೆ ಕಿವಿಯ ಸರದಿ ಬಂದಾಗ ಮಾತ್ರ ನಿಜವಾಗಿ ಅಂಜಿದೆ. ಯಾಕೆ ಅಂಜಿದೆ ಎಂದು ಹೇಳಿದರೆ ಮರ್ಯಾದೆ ಹೋಗುತ್ತದೆ. ಹೋಗಲಿ. ಈ ವಯಸ್ಸಿನಲ್ಲಿ ಮರ್ಯಾದೆ ಇಟ್ಟುಕೊಂಡು ಉಪ್ಪಿನಕಾಯಿ ಹಾಕುವುದೇನಿದೆ?

ನನ್ನ ಅತ್ತೆಗೆ, ಅಂದರೆ ನನ್ನ ಗಂಡನ ತಾಯಿಗೆ, ಕೊನೆಯ ಹತ್ತು ಹನ್ನೆರಡು ವರ್ಷ ಕಿವಿ ಪೂರಾ ಹೋಗಿತ್ತು. ಕಿವಿ ಇದ್ದ ಕಾಲದಲ್ಲಿ ಆ ಹೆಂಗಸು ನನ್ನನ್ನು ಅನ್ನದ ಮಾತಿಲ್ಲ. ನಾನು ಹಿಂಡಿದ ಹಾಲಿಗೆ ನೊರೆ ಕಡಿಮೆ, ನಾನು ಬಡಿದ ರೊಟ್ಟಿಗೆ ಅಂಚು ದಪ್ಪ, ನನ್ನ ತವರಿನವರಿಗೆ ಬುದ್ಧಿ ತೆಳು. ಅವಳ ಕಿವಿ ಮುಚ್ಚಿದ್ದೇ ತಡ, ನನ್ನ ಬಾಯಿ ತೆರೆಯಿತು. ಚಹದ ಬಟ್ಟಲು ಕೈಗೆ ಕೊಡುವಾಗ ಮುಖ ತುಂಬ ನಗುತ್ತ, "ತಗೊ ಮುದಕಿ, ಕುಡದು ಕಣ್ಣ ಮುಚ್ಚು," ಅನ್ನುತ್ತಿದ್ದೆ. ಚಳಿಗಾಲದಲ್ಲಿ ಕೌದಿ ಹೊದಿಸುವಾಗ, "ಇನ್ನೂ ಎಷ್ಟ ವರ್ಷ ಕಾಡತಿ?" ಎಂದು ಕೇಳಿ ಅವಳ ಗಲ್ಲ ಸವರುತ್ತಿದ್ದೆ. ಅವಳೂ ನಗುತ್ತಿದ್ದಳು. ಅಂಗಳದಾಚೆ ನಿಂತು ನೋಡಿದವರು ಎಂಥ ಕರುಳಿನ ಸೊಸೆ ಎಂದು ತಮ್ಮ ತಮ್ಮ ಸೊಸೆಯರಿಗೆ ನನ್ನನ್ನು ತೋರಿಸುತ್ತಿದ್ದರು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೊಂಡೂ ಹೇಳುತ್ತಿಲ್ಲ. ಹಾಗೆ ನಡೆದಿತ್ತು, ಹೇಳುತ್ತಿದ್ದೇನೆ. ಕಿವಿ ಕೇಳದ ಅತ್ತೆಯನ್ನು ಸೊಸೆ ಏನೇನು ಮಾಡಬಹುದು ಎಂಬುದು ನನಗಿಂತ ಚೆನ್ನಾಗಿ ಗೊತ್ತಿದ್ದವರು ನಮ್ಮೂರು ಬೋರಗಾಂವದ ಸುತ್ತಮುತ್ತ ಯಾರೂ ಇರಲಿಕ್ಕಿಲ್ಲ. ಅಂಥ ನನಗೆ ಈಗ ಒಬ್ಬ ಸೊಸೆ ಇದ್ದಾಳೆ. ಶಾಲನ ಎಂದು ಹೆಸರು. ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಮಾತು ಕಡಿಮೆ ಇದ್ದವರನ್ನು ನಾನು ಎಂದೂ ನಂಬಿದವಳಲ್ಲ.

ಇಷ್ಟು ಹೇಳಿದ ಮೇಲೆ ಕಿವಿಯ ಕತೆಗೆ ಬರುತ್ತೇನೆ. ನಮ್ಮ ಮನೆಗೆ ಹತ್ತಿಕೊಂಡೇ ಮಗ್ಗದ ಶೆಡ್ಡು. ನಮ್ಮದಲ್ಲ, ಬಾಜೂ ಮನೆಯವರದು. ಆರು ವಿದ್ಯುತ್ ಮಗ್ಗ ಮುಂಜಾನೆಯಿಂದ ಕತ್ತಲಾಗುವ ತನಕ ಖಟ್ ಖಟ್ ಎಂದು ಹೊಡೆದುಕೊಳ್ಳುತ್ತವೆ. ನಮ್ಮ ಕಡೆ ಅದನ್ನು ಸದ್ದು ಎಂದು ಯಾರೂ ಎಣಿಸುವುದಿಲ್ಲ. ಗೋಡೆ ಇದ್ದ ಹಾಗೆ ಅದೂ ಇರುತ್ತದೆ. ಒಂದು ದಿನ ಮಧ್ಯಾಹ್ನ ಕರೆಂಟು ಹೋಯಿತು. ಊರಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕರೆಂಟು ಹೋದಾಗ ನಮ್ಮೂರಲ್ಲಿ ಎಲ್ಲರೂ ಒಂದು ಕ್ಷಣ ತಲೆ ಎತ್ತಿ ನೋಡುತ್ತಾರೆ. ಗುಬ್ಬಿಯ ದನಿ, ಎಮ್ಮೆಯ ಉಸಿರು, ಯಾರದೋ ಮನೆಯ ಜಗಳ ಎಲ್ಲ ಆಗಲೇ ಕೇಳಿಸುವುದು. ನಾನೂ ತಲೆ ಎತ್ತಿದೆ. ಒಂದು ಮಗ್ಗ ನಿಂತಿರಲಿಲ್ಲ. ಗುಂಯ್ ಎಂದು ನಡೆದೇ ಇತ್ತು. ಕರೆಂಟಿಲ್ಲದೆ ಮಗ್ಗ ಓಡಿಸುತ್ತಾರಲ್ಲ, ಎಂಥ ಜಾಣರು ಎಂದುಕೊಂಡು ಎದ್ದು ಹೋಗಿ ಶೆಡ್ಡಿನೊಳಗೆ ಇಣುಕಿದೆ. ಆರೂ ಮಗ್ಗ ಸತ್ತಂತೆ ನಿಂತಿದ್ದವು. ನೇಕಾರರು ಗೋಡೆಗೊರಗಿ ಬೀಡಿ ಸೇದುತ್ತಿದ್ದರು. ಏಳನೆಯದು ನನ್ನ ತಲೆಯೊಳಗೇ ಇತ್ತು.

ಅಷ್ಟು ಸುಲಭಕ್ಕೆ ಒಪ್ಪಿಕೊಳ್ಳುವ ಜಾತಿ ನನ್ನದಲ್ಲ. ಮೊದಲು ಟೀವಿಯ ಮೇಲೆ ಅನುಮಾನ ಬಂತು. ಆಗ ತಾನೇ ಮನೆಗೆ ಬಂದ ಪೆಟ್ಟಿಗೆ ಅದು. ಆರಿಸಿದರೂ ಒಳಗೊಳಗೇ ಗುನುಗುತ್ತದೆ ಎಂದು ವಾದಿಸಿ ಅದರ ಮೇಲೆ ಎರಡು ಕೌದಿ ಹೊದಿಸಿದೆ. ನಂತರ ಹಿತ್ತಲಿನ ಸಗಣಿ ಕುಳ್ಳಿನ ಬಣವೆಯಲ್ಲಿ ಜೀರುಂಡೆ ಸೇರಿದೆ ಎಂದೆ. ನನ್ನ ಮಗ ಬಾಳು ಪಾಪದವನು, ತಾಯಿ ಹೇಳಿದಳೆಂದು ವರ್ಷದ ಕುಳ್ಳನ್ನೆಲ್ಲ ಒಂದೊಂದಾಗಿ ಇಳಿಸಿದ. ಎರಡು ಚೇಳು ಸಿಕ್ಕವು, ಜೀರುಂಡೆ ಸಿಗಲಿಲ್ಲ. "ಎಲ್ಲೈತಿ ಬೇ ಅವ್ವಾ? ನನಗೇನೂ ಕೇಳಸವಲ್ದು," ಎಂದ. "ನಿನ್ನ ಕಿವ್ಯಾಗ ಏನ ಅರಿವಿ ತುರಕೊಂಡಿಯೇನ?" ಎಂದು ಬೈದೆ. ಅವನು ಮತ್ತೆ ಕುಳ್ಳು ಒಟ್ಟಿದ. ನಾನು ಒಳಗೆ ಬಂದು ಎರಡೂ ಕಿವಿಗೆ ಬೆರಳಿಟ್ಟು ನೋಡಿದೆ. ಬೆರಳಿಟ್ಟರೆ ಸದ್ದು ಕಡಿಮೆಯಾಗಬೇಕು, ಇದು ಇನ್ನೂ ಜೋರಾಯಿತು. ಆಗ ಒರಳಿನ ಹತ್ತಿರ ಹೋಗಿ ಕುಳಿತೆ. ನನ್ನ ಅತ್ತೆಗೂ ಕಿವಿ ಹೋಗುವ ಮೊದಲು ಗುಂಯ್ ಅನ್ನುತ್ತದೆ ಎಂದು ಒಂದು ವರ್ಷ ಗೋಗರೆದಿದ್ದಳು. ಆಗ ನಾನು ಅವಳಿಗೆ ತಲೆಯಲ್ಲಿ ಹುಳ ಇದೆ ಎಂದಿದ್ದೆ.

ಈ ವಿಷಯ ಸೊಸೆಗೆ ಗೊತ್ತಾಗಬಾರದು ಎಂದು ಅಂದೇ ನಿಶ್ಚಯ ಮಾಡಿದೆ. ಗೊತ್ತಾಗದಂತೆ ನಡೆದುಕೊಳ್ಳುವುದು ಹೇಗೆ? ಯಾರು ಏನು ಕೇಳಿದರೂ "ಹೂಂ" ಅನ್ನುವುದು. ಗುಂಯ್ ಜೋರಾಗಿದ್ದಾಗ ಶಾಲನ ಅಡುಗೆಮನೆಯಿಂದ ಏನೋ ಅನ್ನುತ್ತಿದ್ದಳು, ನಾನು ಗಂಭೀರವಾಗಿ "ಹೂಂ" ಅನ್ನುತ್ತಿದ್ದೆ. ನಲವತ್ತು ವರ್ಷ "ಊಹೂಂ" ಅಂದೇ ಸಂಸಾರ ನಡೆಸಿದವಳು ನಾನು, ಆ ಒಂದು ತಿಂಗಳಲ್ಲಿ ಅದೆಷ್ಟಕ್ಕೆ ಹೂಂ ಅಂದೆನೋ ದೇವರಿಗೇ ಗೊತ್ತು. ಒಂದು ಮುಂಜಾನೆ ಗೌಂಡಿಯೊಬ್ಬ ಬಂದು ಅಡುಗೆಮನೆಯ ಗೋಡೆ ಒಡೆಯತೊಡಗಿದ. ಕಿಟಕಿ ಇಡಲು ನಾನೇ ಹೂಂ ಅಂದಿದ್ದೆನಂತೆ. ಮುಂದಿನ ವಾರ ಶಾಲನಳ ಅವ್ವ ಹಾಸಿಗೆ ಸಮೇತ ಬಂದು ಇಳಿದಳು. ಅದಕ್ಕೂ ಹೂಂ ಅಂದಿದ್ದೆನಂತೆ. ಬೀಗಿತ್ತಿ ಎಂಟು ದಿನ ಇದ್ದು ನನ್ನ ಜಾಗದಲ್ಲಿ ಕುಳಿತು, ನನ್ನ ತಲೆದಿಂಬಿಗೆ ಒರಗಿ, "ನಮ್ಮ ಶಾಲನನ ನಸೀಬ ಚಲೋ ಐತಿ, ಇಂಥಾ ಅತ್ತಿ ಸಿಕ್ಕಾಳ," ಎಂದು ಊರಿಗೆಲ್ಲ ಹೇಳಿ ಹೋದಳು. ಮನೆಯ ಯಜಮಾನಿಕೆ ಕೈಯಿಂದ ಹೀಗೆ ಜಾರುತ್ತದೆ. ಯಾರೂ ಕಿತ್ತುಕೊಳ್ಳುವುದಿಲ್ಲ, ನಾವೇ ಹೂಂ ಹೂಂ ಎಂದು ಕೊಡುತ್ತ ಹೋಗುತ್ತೇವೆ.

ಮದ್ದು ಮಾಡಲಿಲ್ಲವೆಂದಲ್ಲ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟೆ, ಉಳ್ಳಾಗಡ್ಡಿಯ ರಸ ಬಿಟ್ಟೆ, ತುಳಸಿ ಹಿಂಡಿದೆ. ನನ್ನ ಕಿವಿಯಲ್ಲಿ ಆ ತಿಂಗಳು ಬಿದ್ದ ಸಾಮಾನಿನಿಂದ ಒಂದು ಒಳ್ಳೆಯ ಪಲ್ಯ ಆಗುತ್ತಿತ್ತು. ಗುಂಯ್ ಮಾತ್ರ ಕದಲಲಿಲ್ಲ. ಅಷ್ಟರಲ್ಲಿ ತವರೂರು ಐಗಳಿಯಿಂದ ನನ್ನ ತಮ್ಮ ಕಲ್ಲಪ್ಪ ಬಂದ. ಇವನ ಬಗ್ಗೆ ಎರಡು ಮಾತು ಹೇಳಲೇಬೇಕು. ಹೊಲ ಇದೆ, ಎತ್ತು ಇವೆ, ಅವನ್ನೆಲ್ಲ ಹೆಂಡತಿ ನೋಡಿಕೊಳ್ಳುತ್ತಾಳೆ. ಇವನು ತಾಳ ಹಿಡಿದು ಊರೂರ ಭಜನೆಗೆ ಹೋಗುತ್ತಾನೆ. ಬೈರಾಗಿಗಳ ಜೊತೆ ಕುಳಿತು ಚಿಲುಮೆ ಎಳೆದು, ಶಿವರಾತ್ರಿಗೆ ಭಂಗಿ ಅರೆದು ಕುಡಿದು, ಲೋಕದ ಕಷ್ಟಕ್ಕೆಲ್ಲ ಇದೊಂದೇ ಔಷಧ ಎಂದು ನಂಬಿದ್ದಾನೆ. ಅವನ ಎತ್ತಿಗೆ ಹೊಟ್ಟೆ ಉಬ್ಬಿದಾಗಲೂ ಅದನ್ನೇ ಹಾಕಿದ್ದ. ಎತ್ತು ಎರಡು ದಿನ ಎದ್ದಿರಲಿಲ್ಲ. ಅದಕ್ಕೆ ನೆಮ್ಮದಿ ಸಿಕ್ಕಿದೆ ಎಂದು ಇವನು ಹೇಳಿದ್ದ.

ಹಿತ್ತಲಿಗೆ ಕರೆದುಕೊಂಡು ಹೋಗಿ ಅವನ ಹತ್ತಿರ ಗುಟ್ಟು ಹೇಳಿದೆ. "ಕಲ್ಯಾ, ಕಿವ್ಯಾಗ ಗುಂಯ್ ಅಂತೈತಿ. ಯಾರ ಮುಂದೂ ಬಾಯಿ ಬಿಡಬ್ಯಾಡ."

"ಗುಂಯ್ ಅಂತೈತೇನ ಅಕ್ಕಾ?" ಅವನ ಮುಖ ಅರಳಿತು. "ಅದು ಅನಾಹತ ನಾದ. ಬೈರಾಗಿಗೋಳು ಹನ್ನೆರಡು ವರ್ಷ ತಪ ಮಾಡಿದ್ರ ಕೇಳೂದು. ನಿನಗ ಪುಗಸೆಟ್ಟೆ ಬಂದೈತಿ."

"ನಿನ್ನ ಬೈರಾಗಿಗೆ ಬೇಕಾದ್ರ ಒಯ್ಯಂತ ಹೇಳು. ನನಗ ಬ್ಯಾಡ. ಹೋಗೂದಕ್ಕ ಏನರ ಐತಿ ಅಂದ್ರ ಹೇಳು."

"ಐತಲ್ಲ! ಭಂಗಿ ಸೊಪ್ಪು. ಹುಣಸಿ ಬೀಜದಷ್ಟ ಅರದು ಹಾಲಾಗ ಕುಡಿ. ಕಿವಿ ಕೆರಿಯ ನೀರ ಆಕ್ಕೈತಿ, ಒಂದ ತೆರಿ ಏಳೂದಿಲ್ಲ. ನಮ್ಮ ಮಠದಾಗ ಒಬ್ಬರಿಗೆ ಹಿಂಗ ಇತ್ತು, ಹೋತು."

"ಯಾರಿಗೆ?"

"ಅವರು ಈಗ ಇಲ್ಲ ಬಿಡು."

ನನಗೆ ರೇಗಿತು. ಅಮಲಿನ ಪದಾರ್ಥ ಎಂದರೆ ನನಗೆ ಮೊದಲಿನಿಂದ ಆಗುವುದಿಲ್ಲ. "ಛೀ, ನಶಾ ಮಾಡೂದನ್ನ ನಾ ಮುಟ್ಟಾಕಿ ಅಲ್ಲ. ನಮ್ಮ ಮನಿತನದಾಗ ಹೆಂಗಸರು ಅಂಥಾದಕ್ಕ ಕೈ ಹಚ್ಚಿಲ್ಲ," ಎಂದು ಹೇಳಿ ಪಕ್ಕಕ್ಕೆ ತಿರುಗಿ ಕರ್ರಗೆ ಉಗುಳಿದೆ. ಕಲ್ಲಪ್ಪ ಉಗುಳನ್ನೂ ನೋಡಿದ, ನನ್ನನ್ನೂ ನೋಡಿದ. "ಮತ್ತ ಬಾಯಾಗ ಏನೈತಿ ಅಕ್ಕಾ, ಪ್ರಸಾದೇನ?" ಎಂದ. ನನ್ನ ಬಾಯಲ್ಲಿದ್ದದ್ದು ಮಿಸರಿ. ನಿಪ್ಪಾಣಿಯ ಸೀಮೆಯಲ್ಲಿ ಹುಟ್ಟಿದ ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಹೊಲದಲ್ಲಿ ತಂಬಾಕು, ಊರಲ್ಲಿ ತಂಬಾಕು, ಗಾಳಿಯಲ್ಲೂ ತಂಬಾಕು. ಎಲೆಯ ಪುಡಿಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಕುಟ್ಟಿ, ಡಬ್ಬಿಯಲ್ಲಿ ತುಂಬಿಕೊಂಡು ಹಲ್ಲಿಗೆ ತಿಕ್ಕುತ್ತೇವೆ. ಹಲ್ಲು ಶುದ್ಧವಾಗಲಿ ಎಂದು. ನನಗೆ ನಾಲ್ಕೇ ಹಲ್ಲು ಉಳಿದಿದ್ದವು, ದಿನಕ್ಕೆ ಐದು ಸಲ ತಿಕ್ಕುತ್ತಿದ್ದೆ. ಇದನ್ನು ನಶೆ ಎಂದು ನಮ್ಮಲ್ಲಿ ಯಾರೂ ಕರೆದಿಲ್ಲ. ನಶೆ ಎಂದರೆ ಗಂಡಸರು ಮಾಡುವುದು.

ಕಲ್ಲಪ್ಪ ಅರಿವೆಯ ಚಿಕ್ಕ ಗಂಟೊಂದನ್ನು ನನ್ನ ಕೈಗೆ ತುರುಕಿ, ಪೊಲೀಸರು ಈಗೀಗ ಇದಕ್ಕೆ ಭಾರೀ ಬಿಗಿ ಮಾಡಿದ್ದಾರೆ, ಯಾರಿಗೂ ತೋರಿಸಬೇಡ ಎಂದು ಹೇಳಿ ಬಸ್ಸಿಗೆ ಹೋದ. ನಾನು ಗಂಟನ್ನು ಜೋಳದ ಕಣಜದ ಸಂದಿಯಲ್ಲಿ ಇಟ್ಟು ಮರೆತುಬಿಡಬೇಕೆಂದಿದ್ದೆ. ಮರೆಯುತ್ತಲೂ ಇದ್ದೆ. ಆದರೆ ಎರಡು ದಿನ ಕಳೆದ ಮೇಲೆ ಶಾಲನ ಹೊಸ ಕಿಟಕಿಯ ಆಚೆ ಅರಿವೆ ಒಣಹಾಕುತ್ತಿದ್ದಳು. ನಾನು ಈಚೆ ಕುಳಿತಿದ್ದೆ. ಅವಳು ನನ್ನ ಕಡೆ ತಿರುಗಿ, ಮುಖ ತುಂಬ ನಕ್ಕು, ಏನೋ ಅಂದಳು. ತುಟಿ ಅಲುಗಿದ್ದು ಕಂಡಿತು, ಮಾತು ಗುಂಯ್‌ನಲ್ಲಿ ಮುಳುಗಿ ಹೋಯಿತು. ಆ ನಗೆ ನನಗೆ ಗೊತ್ತಿತ್ತು. ಹನ್ನೆರಡು ವರ್ಷ ನಾನೇ ನಕ್ಕ ನಗೆ ಅದು. ಶುರುವಾಯಿತು ಎಂದುಕೊಂಡೆ.

ಮಾರನೆಯ ದಿನ ಬಾಳು ಹೊಲಕ್ಕೆ, ಶಾಲನ ಹಿಟ್ಟಿನ ಗಿರಣಿಗೆ ಹೋದದ್ದೇ ಗಂಟು ಬಿಚ್ಚಿದೆ. ಒಣ ಎಲೆ, ಒಂದು ಹಿಡಿ. ಹಾಲಲ್ಲಿ ಅರೆದು ಕುಡಿ ಎಂದಿದ್ದ ತಮ್ಮ. ಆದರೆ ಎಲೆಯ ವಿಷಯದಲ್ಲಿ ಐಗಳಿಯವನು ನಿಪ್ಪಾಣಿಯ ಕಡೆಯವಳಿಗೆ ಬುದ್ಧಿ ಹೇಳುವುದೆಂದರೇನು? ಮದುವೆಯಾಗಿ ಈ ಸೀಮೆಗೆ ಬಂದಾಗಿನಿಂದ ಎಲೆಯಲ್ಲೇ ಪಳಗಿದ ಕೈ ನನ್ನದು. ಎಲೆ ಎಂದ ಮೇಲೆ ಹುರಿಯಬೇಕು, ಹುರಿದರೇ ಅದರ ಗುಣ ಬರುವುದು. ಹಂಚು ಕಾಯಿಸಿ ಹದವಾಗಿ ಹುರಿದು, ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿ, ಮಿಸರಿಯ ಹಾಗೆ ವಸಡಿಗೆ ತಿಕ್ಕಿಕೊಂಡು ಕುಳಿತೆ. ಹುಲ್ಲಿನ ರುಚಿ. ಕಿವಿಯಲ್ಲಿ ಗುಂಯ್ ಹಾಗೇ ಇತ್ತು. ಒಂದಿಷ್ಟು ಹೊತ್ತು ಕಾದೆ, ಏನೂ ಆಗಲಿಲ್ಲ. ಇದೂ ಕಲ್ಯಾನ ಹಾಗೆಯೇ ಕೆಲಸಕ್ಕೆ ಬಾರದ್ದು ಎಂದು ಬೈದು, ಉಳಿದ ಪುಡಿಯನ್ನೆಲ್ಲ ಒಂದು ತಂಬಿಗೆ ಮಜ್ಜಿಗೆಗೆ ಹಾಕಿ, ಉಪ್ಪು ಬೆರೆಸಿ, ಕುಡಿದುಬಿಟ್ಟೆ. ಚೆಲ್ಲಲು ಮನಸ್ಸು ಬರಲಿಲ್ಲ. ಆಗಲೂ ಏನೂ ಆಗಲಿಲ್ಲ. ಹುಣಸೆ ಬೀಜದಷ್ಟು ಎಂದಿದ್ದ, ನಾನು ಹುಣಸೆ ಮರದಷ್ಟು ಕುಡಿದಿದ್ದೆ, ಆದರೂ ಏನೂ ಇಲ್ಲ. ಶಾಲನ ಹಿಟ್ಟು ತಂದಳು. ನಾನು ರೊಟ್ಟಿಗೆ ಕುಳಿತೆ.

ನಾಲ್ಕು ರೊಟ್ಟಿ ಸರಿಯಾಗಿಯೇ ಆದವು. ಐದನೆಯದನ್ನು ಬಡಿಯುತ್ತಿದ್ದಾಗ ನನ್ನ ಕೈ ನನ್ನದಲ್ಲ ಅನ್ನಿಸಿತು. ಯಾರೋ ಬೇರೆಯವಳು ಬಡಿಯುತ್ತಿದ್ದಾಳೆ, ನಾನು ಕುಳಿತು ನೋಡುತ್ತಿದ್ದೇನೆ. ಅವಳ ಕೈ ಚಲೋ ಇತ್ತು. ಎಂಥ ದುಂಡು, ಎಂಥ ತೆಳು ಎಂದು ಮೆಚ್ಚಿಕೊಂಡು ನೋಡಿದೆ. ರೊಟ್ಟಿ ಹಿಗ್ಗುತ್ತ ಹೋಗಿ ಪರಾತದ ಅಂಚು ದಾಟಿ ನೆಲಕ್ಕಿಳಿಯಿತು. ಬಡಿಯುವುದು ನಿಲ್ಲಲಿಲ್ಲ. ಇನ್ನು ಕಿವಿ. ಗುಂಯ್ ಹೋಯಿತೇ ಎಂದು ಕೇಳುವಿರಿ. ಒಂದು ಸ್ವಲ್ಪ ಹೊತ್ತು, ಸುಳ್ಳೇಕೆ, ಅದು ಇತ್ತು ಆದರೆ ನನಗೆ ಸಂಬಂಧವಿಲ್ಲ ಅನ್ನುವಂತೆ ಇತ್ತು, ಬಾಜೂ ಊರಿನ ಮದುವೆಯ ಹಾಗೆ. ಆ ಸ್ವಲ್ಪ ಹೊತ್ತು ಸುಖವಾಗಿತ್ತು. ಆಮೇಲೆ ಆ ಮದುವೆಯ ದಿಬ್ಬಣ ನಮ್ಮ ಊರಿಗೇ ಬಂತು. ಹಲಗೆ, ಸನಾದಿ, ತಾಶೆ ಎಲ್ಲ ಸೇರಿ ಒಂದು ಕಿವಿಯಿಂದ ಹೊಕ್ಕು ಇನ್ನೊಂದು ಕಿವಿಯಿಂದ ಹೊರಡದೆ ನಡುವೆಯೇ ನಿಂತು ಬಾರಿಸತೊಡಗಿದವು. ಎದೆ ಢವಢವ ಹೊಡೆದುಕೊಂಡಿತು, ಅದೂ ಕಿವಿಯಲ್ಲೇ ಕೇಳಿಸಿತು. ಮೊದಲು ಒಂದು ಮಗ್ಗ ಇತ್ತು, ಈಗ ಬೋರಗಾಂವದ ಎಲ್ಲ ಮಗ್ಗ.

"ಅತ್ತೀ, ಏನಾತ್ರಿ?" ಎಂದು ಶಾಲನ ಓಡಿ ಬಂದಳು. ನನ್ನ ಬಾಯಿ ಆಗ ಬಿಚ್ಚಿಕೊಂಡದ್ದು, ಮುಚ್ಚಲೇ ಇಲ್ಲ. ಕಿವಿಯ ಗುಂಯ್, ಕಲ್ಲಪ್ಪನ ಗಂಟು, ಮಜ್ಜಿಗೆ ಎಲ್ಲ ಹೇಳಿದೆ. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ನನ್ನ ಅತ್ತೆಗೆ ನಗುತ್ತ ನಗುತ್ತ ಬೈದದ್ದನ್ನೂ ಹೇಳಿದೆ. ಯಾವ ಯಾವ ಬೈಗುಳ, ಯಾವಾಗ ಯಾವಾಗ, ಒಂದನ್ನೂ ಬಿಡಲಿಲ್ಲ. ಶಾಲನ ನನ್ನನ್ನು ಗೋಡೆಗೆ ಒರಗಿಸಿ, ಹುಣಸೆಹಣ್ಣಿನ ನೀರು ಕುಡಿಸಿ, ತಲೆಗೆ ಒದ್ದೆ ಅರಿವೆ ಹಾಕಿದಳು. ಬಾಳು ಹೊಲದಿಂದ ಬಂದವನು ನನ್ನ ಕಣ್ಣು ನೋಡಿ ಗಾಬರಿಯಾದ.

"ಅವ್ವಗ ಏನಾಗೇತಿ?"

"ಭಂಗಿ ಕುಡದಾರ."

"ಭಂಗೀನ! ಪೊಲೀಸ್ರಿಗೆ ಗೊತ್ತಾದ್ರ ಹೆಂಗ? ಇಷ್ಟ ದೊಡ್ಡ ದನಿ ಮಾಡಿ ಏನ ಮಾತಾಡಾಕತ್ತಾಳ? ಬಾಯಿ ಮುಚ್ಚಸು."

"ಇರಲಿ ಬಿಡ್ರಿ, ಮಾತಾಡ್ಲಿ. ಅವರ ಅತ್ತಿ ಸುದ್ದಿ ಹೇಳಾಕತ್ತಾರ. ನಾ ಇದನ್ನ ಯಾವತ್ತೂ ಕೇಳಿರಲಿಲ್ಲ," ಎಂದು ಸೊಸೆ ಆರಾಮಾಗಿ ಗಲ್ಲಕ್ಕೆ ಕೈ ಹಚ್ಚಿ ಕುಳಿತಳು.

ಸಂಜೆಯ ಹೊತ್ತಿಗೆ ದಿಬ್ಬಣ ಊರು ಬಿಟ್ಟಿತು. ಬಾಯಿ ಒಣಗಿ ಚರ್ಮದ ಹಾಗಾಗಿತ್ತು, ಎದ್ದು ನಿಂತರೆ ನೆಲ ತೂಗುತ್ತಿತ್ತು. ಗುಂಯ್ ಮಾತ್ರ ತನ್ನ ಹಳೆಯ ಜಾಗದಲ್ಲಿ ಕುಳಿತಿತ್ತು, ಇನ್ನೂ ತುಸು ದಪ್ಪಗಾಗಿ. ಮರುದಿನ ಮುಂಜಾನೆ ಶಾಲನ ಚಹ ತಂದು ಕೊಟ್ಟು ಎದುರಿಗೆ ಕುಳಿತಳು. ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ನನ್ನ ಗುಟ್ಟೂ ಹೋಯಿತು, ಬೈಯುವ ವಿದ್ಯೆಯನ್ನೂ ನಾನೇ ಕೈಯಾರೆ ಕಲಿಸಿಕೊಟ್ಟಂತಾಯಿತು. ಅವಳು ನಿಧಾನಕ್ಕೆ, "ಒಂದು ಮಾತು ಕೇಳ್ತೇನ್ರಿ ಅತ್ತಿ. ನಿಮ್ಮ ಅತ್ತಿ ನಿಮ್ಮ ತುಟಿ ನೋಡ್ತಿದ್ರಲ್ರಿ? ಕಿವಿ ಇಲ್ಲದವರು ತುಟಿ ನೋಡೇ ಮಾತು ಹಿಡಿತಾರಂತ," ಎಂದಳು.

ಇದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಮುದುಕಿ ಸಾಯುವಾಗ ತನ್ನ ಬೆಳ್ಳಿಯ ಕಾಲ್ಗಡಗವನ್ನು ಹತ್ತಿರವಿದ್ದು ನೋಡಿಕೊಂಡ ನನಗೆ ಕೊಡದೆ, ವರ್ಷಕ್ಕೊಮ್ಮೆ ಬಂದು ಹೋಗುವ ಕಿರಿಯ ಸೊಸೆಗೆ ಯಾಕೆ ಕೊಟ್ಟಳೆಂದು ಆ ದಿನ ಅರ್ಥವಾಯಿತು.

ಶಾಲನಳೇ ಬಾಳುವನ್ನು ಎಬ್ಬಿಸಿ, ನನ್ನನ್ನು ಬಸ್ಸಿಗೆ ಹತ್ತಿಸಿ ನಿಪ್ಪಾಣಿಯ ಕಿವಿ ಡಾಕ್ಟರರ ಹತ್ತಿರ ಕರೆದೊಯ್ದಳು. ಅವರದು ಅರ್ಧ ಮರಾಠಿ, ಅರ್ಧ ಕನ್ನಡ. "ಬಸಾ ಆಜಿ, ಕುಂದರ್ರಿ," ಎಂದು ಕೂರಿಸಿ, ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. "ಕಿವ್ಯಾಗ ಏನೇನ ಹಾಕೀರಿ? ಬೆಳ್ಳುಳ್ಳಿ ಚೂರು ಐತಲ್ರಿ ಒಳಗ," ಎಂದು ಚಿಮಟಿಗೆಯಲ್ಲಿ ತೆಗೆದು ತೋರಿಸಿದರು. ಎರಡು ಕವಲಿನ ಕಬ್ಬಿಣದ ಕಡ್ಡಿಯೊಂದನ್ನು ಮೇಜಿಗೆ ಬಡಿದು ಕಿವಿಯ ಹತ್ತಿರ ಹಿಡಿದರು. ಆಮೇಲೆ ಕೇಳಿದರು, "ನಶಾ ಗಿಶಾ ಏನರ ಐತೇನ್ರಿ?"

"ಇಲ್ರಿ ಸಾಹೇಬ್ರ," ಎಂದೆ.

"ನಿನ್ನೆ ಭಂಗಿ ಕುಡದಾರ್ರಿ. ಒಂದ ತಂಬಿಗಿ," ಎಂದಳು ಶಾಲನ.

ಡಾಕ್ಟರು ಪೆನ್ನು ಕೆಳಗಿಟ್ಟರು. ನನಗೂ ತಿಳಿಯುವ ಹಾಗೆ ಹೇಳಿದರು. ಕಿವಿಯ ಗುಂಯ್‌ಗೆ ಭಂಗಿಯಾಗಲಿ ಗಾಂಜಾ ಆಗಲಿ ಮದ್ದು ಎಂದು ಯಾರೂ ತೋರಿಸಿಕೊಟ್ಟಿಲ್ಲ. ಅಮಲಿನಲ್ಲಿ ಒಂದಿಷ್ಟು ಹೊತ್ತು ಮರೆತಂತೆ ಅನ್ನಿಸಬಹುದು, ಸದ್ದು ಎಲ್ಲಿಗೂ ಹೋಗಿರುವುದಿಲ್ಲ, ಕೆಲವರಿಗೆ ಇನ್ನೂ ಹೆಚ್ಚಾಗುತ್ತದೆ. ಈ ವಯಸ್ಸಿನಲ್ಲಿ ತಲೆ ತಿರುಗಿ ಬಿದ್ದು ಸೊಂಟ ಮುರಿದುಕೊಂಡರೆ ಕಿವಿಯ ಚಿಂತೆಯೇ ಉಳಿಯುವುದಿಲ್ಲ. "ಬಿದ್ದಿಲ್ಲ ನೀವು, ಅದ ದೊಡ್ಡ ಮಾತು," ಎಂದರು. ಗುಂಯ್ ಹೆಚ್ಚಾಗಿದ್ದನ್ನು ನಾನೇ ಕಂಡಿದ್ದೆ, ಆದ್ದರಿಂದ ವಾದ ಮಾಡಲಿಲ್ಲ. ಆಮೇಲೆ, "ಯಾವ ಯಾವ ಗುಳಿಗಿ ತಗೋತೀರಿ?" ಎಂದರು. ಗುಳಿಗೆ ಯಾವುದೂ ಇಲ್ಲ ಎಂದೆ. ಮೊಣಕಾಲಿಗೆ ಕಿರಾಣಿ ಅಂಗಡಿಯಲ್ಲಿ ಸಿಗುವ ತಲೆನೋವಿನ ಗುಳಿಗೆಯನ್ನು ಗುಳಿಗೆ ಎಂದು ಎಣಿಸುವ ರೂಢಿ ನಮ್ಮಲ್ಲಿಲ್ಲ. ಅದು ಅಡಿಕೆಚೂರಿನ ಹಾಗೆ. ಶಾಲನ ಮಾತಾಡದೆ ನನ್ನ ಸೊಂಟದ ಚಂಚಿ ಬಿಚ್ಚಿ ಮೇಜಿನ ಮೇಲೆ ಸುರುವಿದಳು. ಮಿಸರಿಯ ಡಬ್ಬಿ, ಸುಣ್ಣದ ಡಬ್ಬಿ, ಎಲೆ, ಆ ಗುಳಿಗೆಗಳ ಒಂದು ರಾಶಿ.

"ದಿವಸಕ್ಕ ಎಷ್ಟ ತಗೋತೀರಿ ಆಜಿ?"

"ಮುಂಜಾನೆ ಎರಡ್ರಿ. ಉಂಡಮ್ಯಾಲ ಎರಡ. ಸಂಜೀಕ ಎರಡ. ನಡಬರಕ ನೆನಪಾದಾಗ ಒಂದ."

"ಬಾಳ ಸಲ ನೆನಪಾಗ್ತೈತ್ರಿ ಅವರಿಗೆ," ಎಂದಳು ಶಾಲನ.

ಡಾಕ್ಟರು ನಕ್ಕರು. ಗುಂಯ್ ಅನ್ನಿಸುತ್ತಿರುವುದು ಇದೇ ಇರಬೇಕು ಎಂದರು. ಈ ಜಾತಿಯ ಗುಳಿಗೆ ಅತಿಯಾದರೆ ಕಿವಿಯಲ್ಲಿ ಸದ್ದು ಏಳುತ್ತದಂತೆ, ಕೇಳಿಸುವುದೂ ತುಸು ಮಂದವಾಗುತ್ತದಂತೆ. ಬಿಟ್ಟರೆ ಹೆಚ್ಚಾಗಿ ಹೋಗುತ್ತದಂತೆ. ಎಲ್ಲರ ಗುಂಯ್ ಹೀಗೆ ಹೋಗುವುದಿಲ್ಲ, ಮಗ್ಗದಲ್ಲಿ ದುಡಿದವರದು ಕೆಲವರಿಗೆ ಜನ್ಮವಿಡೀ ಉಳಿಯುತ್ತದೆ, ಅವರಿಗೆ ಅದರ ಜೊತೆ ಬಾಳುವುದನ್ನೇ ಕಲಿಸಬೇಕಾಗುತ್ತದೆ, ನಿಮ್ಮದು ಹೋಗಲಿಕ್ಕೆ ಸಾಕು ಎಂದರು. ಮೊಣಕಾಲಿಗೆ ಹಚ್ಚಲು ಬೇರೆ ಮುಲಾಮು ಬರೆದರು. ಮಿಸರಿಯ ಡಬ್ಬಿಯನ್ನು ಬೆರಳಿನಿಂದ ದೂರ ಸರಿಸಿ, "ಇದೂ ನಶಾನ," ಎಂದರು. ನಾನು ಕೇಳಿಸದವಳ ಹಾಗೆ ಕಿಟಕಿಯ ಕಡೆ ನೋಡಿದೆ.

ಗುಳಿಗೆ ಬಿಟ್ಟೆ. ಮೊದಲ ಮೂರು ದಿನ ಮೊಣಕಾಲು ನನ್ನನ್ನು ಮನೆಯವರ ಮೇಲೆಲ್ಲ ಹಾಯಿಸಿತು, ಮನೆಯವರು ತಾಳಿಕೊಂಡರು. ನಾಲ್ಕನೆಯ ದಿನ ಗುಂಯ್ ಸಣ್ಣಗಾಯಿತು. ಹತ್ತು ದಿನದ ಹೊತ್ತಿಗೆ, ಮುಂಜಾನೆ ಹಲ್ಲು ತಿಕ್ಕುತ್ತ ಕುಳಿತಾಗ, ಮಣ್ಣಿನ ಕೊಡದಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಮೊದಲು ಅದೇನೆಂದು ಗುರುತು ಸಿಗಲಿಲ್ಲ. ಎದ್ದು ಹೋಗಿ ಕೊಡದ ಹತ್ತಿರ ಕಿವಿ ಇಟ್ಟೆ. ಟಪ್. ಮತ್ತೆ ಟಪ್. ನಡುವೆ ಏನೂ ಇಲ್ಲ. ನಡುವೆ ಏನೂ ಇಲ್ಲದಿರುವುದು ಇಷ್ಟು ಸುಖ ಎಂದು ಅಲ್ಲಿಯ ತನಕ ಗೊತ್ತಿರಲಿಲ್ಲ. ಅತ್ತೆ ಸತ್ತಾಗಲೂ ಅಳದವಳು ನಾನು, ಕೊಡದ ಮುಂದೆ ನಿಂತು ಕಣ್ಣು ಒರೆಸಿಕೊಂಡೆ. ಆಮೇಲೆ ಕೊಡ ಸೋರುತ್ತದೆ ಎಂದು ತಿಳಿದು ಶಾಲನಳನ್ನು ಬೈದೆ.

ಅಲ್ಲಿಂದ ಮುಂದೆ ನನಗೆ ಒಂದೇ ಕೆಲಸ. ಬಂದ ಕಿವಿಯನ್ನು ದುಡಿಸಿಕೊಳ್ಳುವುದು. ನಾನು ಅಷ್ಟೆಲ್ಲ ಬಾಯಿ ಬಿಟ್ಟ ಮೇಲೂ ಸೊಸೆ ನನ್ನ ಬಗ್ಗೆ ಏನನ್ನುತ್ತಾಳೆ ಎಂಬುದು ತಿಳಿಯಬೇಡವೇ? ಅವಳು ನಕ್ಕಾಗಲೆಲ್ಲ ಕಿವಿಗೊಟ್ಟೆ. "ನೀರ ಕಾದಾವ್ರಿ", "ಚಹಾ ಇಡಲೇನ್ರಿ", ಇಷ್ಟೇ. ಹದಿನೈದು ದಿನ ಕಾದರೂ ಒಂದು ಬೈಗುಳ ಸಿಗಲಿಲ್ಲ. ನನಗೆ ಡಾಕ್ಟರರ ಮೇಲೆಯೇ ಅನುಮಾನ ಬರತೊಡಗಿತು. ಕಿವಿ ಪೂರಾ ಬಂದಿಲ್ಲವೇನೋ, ಮುಖ್ಯವಾದದ್ದೇ ಬಿಟ್ಟುಹೋಗುತ್ತಿದೆಯೇನೋ ಎಂದುಕೊಂಡೆ. ಕೊನೆಗೆ ಒಂದು ದಿನ ಮಧ್ಯಾಹ್ನ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಬಿದ್ದುಕೊಂಡಿದ್ದೆ. ಎದುರುಮನೆಯ ಹೌಸಕ್ಕ ಅಕ್ಕಿ ಆರಿಸಲು ಬಂದು ಶಾಲನಳ ಹತ್ತಿರ ಕಟ್ಟೆಯ ಮೇಲೆ ಕುಳಿತಳು.

"ಏನಬೇ ಶಾಲನ, ನಿಮ್ಮ ಅತ್ತಿ ಕಿವಿ ಬಂತಂತಲ್ಲ. ಇನ್ನ ನಿನ್ನ ಕತಿ ಮುಗೀತು. ಮದಲ ಬಾಯಿ ಅಷ್ಟಿತ್ತು, ಈಗ ಕಿವೀನೂ ಕೂಡ್ತು."

ಮೊರದಲ್ಲಿ ಅಕ್ಕಿ ಹಾರಿಸುವ ಸದ್ದು ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಶಾಲನಳ ದನಿ, ಸಾವಕಾಶ, ಸ್ಪಷ್ಟ: "ಬಾಯಿ ಕೆಟ್ಟದ್ದ ಐತ್ರಿ, ಇಲ್ಲನ್ನಂಗಿಲ್ಲ. ಹಟಮಾರಿ ಮುದಕಿ. ಮಿಸರಿ ಉಗುಳಿ ಉಗುಳಿ ಗ್ವಾಡಿ ಎಲ್ಲಾ ಕರೇ ಮಾಡ್ಯಾಳ."

ಮುದುಕಿ! ಮಾಡ್ಯಾಳ! ರಿ ಇಲ್ಲ, ಏನಿಲ್ಲ. ದಡಕ್ಕನೆ ಎದ್ದು ಕುಳಿತು ಒಳಗಿಂದಲೇ ಕೂಗಿದೆ, "ಏ ಶಾಲನ! ಕೇಳಸ್ತೈತಿ ನನಗ ಎಲ್ಲಾ!"

ಹೊರಗೆ ಮೊರದ ಸದ್ದು ಒಂದು ಕ್ಷಣವೂ ನಿಲ್ಲಲಿಲ್ಲ.

"ಕೇಳ್ಲಿ ಅಂತನ ಅಂದೇನ್ರಿ ಅತ್ತಿ," ಎಂದಳು ಅವಳು.

ನಾನು ಮೆಲ್ಲಗೆ ಮತ್ತೆ ಮಲಗಿ, ಗೋಡೆಯ ಕಡೆ ಹೊರಳಿ, ಏನೂ ಕೇಳಿಸದವಳ ಹಾಗೆ ಬಿದ್ದುಕೊಂಡೆ.